ಹೊಟ್ಟೆಯಿಲ್ಲದ ವಾದ್ಯ

ಮಲೆನಾಡಿನಲ್ಲಿ ಹಿತ್ತಲಿನ ಮರವೊಂದು ಬಿತ್ತೆಂದರೆ ಅದಕ್ಕೆ ವಾರಸುದಾರರು ಬಹಳ. ಯಜಮಾನರಿಗೆ ಅದರಲ್ಲಿ ಬಾಗಿಲಿನ ಚೌಕಟ್ಟು ಕಾಣುತ್ತದೆ, ಅತ್ತೆಗೆ ದೇವರ ಕೋಣೆಯ ಮಣೆ ಕಾಣುತ್ತದೆ, ಓರಗಿತ್ತಿಗೆ ತನ್ನ ಪಾಲು ಕಾಣುತ್ತದೆ, ಒಲೆಯ ಮುಂದೆ ಕೂರುವ ನನ್ನಂಥವಳಿಗೆ ಎರಡು ಮಳೆಗಾಲಕ್ಕಾಗುವಷ್ಟು ಸೌದೆ ಕಾಣುತ್ತದೆ. 2018ರ ಆಗಸ್ಟಿನ ಮಳೆಯನ್ನು ನಮ್ಮ ಕಡೆಯವರು ಇನ್ನೂ ಮರೆತಿಲ್ಲ. ಶಿರಾಡಿ ಘಾಟಿಯಲ್ಲಿ ರಸ್ತೆ ಕುಸಿದು, ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ರೈಲು ದಾರಿಯ ಮೇಲೆ ಗುಡ್ಡ ಜಾರಿ, ಮಂಗಳೂರು ನಮಗೆ ಪರದೇಶವಾಗಿಬಿಟ್ಟಿತ್ತು. ಆಗಲೇ ನಮ್ಮ ಹಿತ್ತಲಿನ ಬಕ್ಕೆ ಹಲಸಿನ ಮರವೂ ಬೇರು ಸಮೇತ ಮಲಗಿತು. ಅದರ ಹಣ್ಣಿನ ಕಡುಬು ತಿಂದೇ ಮಕ್ಕಳನ್ನು ಸಾಕಿದ ಅತ್ತೆ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮಳೆ ಬಿಟ್ಟ ಮೇಲೆ ಅಂಗಳದಲ್ಲೇ ಸೀಳಿಸಿದ ಹಲಗೆಗಳು, ಯಾರಿಗೆ ಎಷ್ಟು ಎಂಬುದು ತೀರ್ಮಾನವಾಗುವ ತನಕ ಇರಲಿ ಎಂದು ಅಡಿಗೆಮನೆಯ ಅಟ್ಟ ಸೇರಿದವು. ಇಂಥ ತೀರ್ಮಾನಗಳು ನಮ್ಮ ಮನೆಗಳಲ್ಲಿ ಬೇಗ ಆಗುವುದಿಲ್ಲ. ಮರಕ್ಕೆ ಅದರಿಂದ ಒಳ್ಳೆಯದೇ ಆಯಿತು. ಅಂಗುಲ ದಪ್ಪಕ್ಕೆ ಒಂದು ವರ್ಷ ಒಣಗಬೇಕು ಎನ್ನುವುದು ಮರಗೆಲಸದವರ ಹಳೆಯ ಲೆಕ್ಕ. ನಮ್ಮ ಹಲಗೆಗಳು ಎರಡು ವರ್ಷಕ್ಕೂ ಮಿಕ್ಕಿ ಒಲೆಯ ಹೊಗೆ ಕುಡಿದುಕೊಂಡು ಬಿದ್ದಿದ್ದವು.

ಅವುಗಳಿಗೆ ಕೊನೆಗೂ ಒಬ್ಬ ವಾರಸುದಾರ ಬಂದ. ಅವನು ನನ್ನ ಮಗ. ಇಪ್ಪತ್ತೈದು ದಾಟಿದರೂ ಮನೆಯಲ್ಲಿ ಇಂದಿಗೂ ಪುಟ್ಟನೇ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರಿನಿಂದ ಒಂದು ಬ್ಯಾಗು, ಒಂದು ಲ್ಯಾಪ್‌ಟಾಪು ಹಿಡಿದು ಬಂದವನು, ಕಾಫಿ ಕಣದ ಮೂಲೆಯಲ್ಲಿ ಸಿಗ್ನಲ್ ಹುಡುಕಿಕೊಂಡು ಕೆಲಸ ಮಾಡುತ್ತಿದ್ದ. ಆಗಸ್ಟಿನಲ್ಲಿ ಒಂದು ರಾತ್ರಿ ಊಟದ ನಡುವೆ 'ನನ್ನ ಕೆಲಸ ಹೋಯ್ತು' ಎಂದು ಹೇಳಿ ಸಾರು ಬಡಿಸಿಕೊಂಡ. ಅಷ್ಟೇ. ಆಮೇಲೆ ಆ ವಿಷಯ ಅವನೂ ಎತ್ತಲಿಲ್ಲ, ಕೇಳುವ ಧೈರ್ಯ ನಮಗೂ ಬರಲಿಲ್ಲ. ಊಟಕ್ಕೆ ಕೆಳಗೆ ಬರುವುದು, ಮತ್ತೆ ಮಾಳಿಗೆ ಹತ್ತುವುದು. ನಮ್ಮ ಆಲೂರು, ಸಕಲೇಶಪುರದ ಕಡೆ ಸಂಜೆ ಹೊತ್ತು ಹೊರಗೆ ತಿರುಗಾಡಿ ಮನಸ್ಸು ಹಗುರ ಮಾಡಿಕೊಳ್ಳುವ ಹಾಗೂ ಇಲ್ಲ. ಆನೆ ಇಂಥ ತೋಟಕ್ಕೆ ಇಳಿದಿದೆ ಎಂದು ಮೊಬೈಲಿಗೆ ಸುದ್ದಿ ಬಂದರೆ ಆರು ಗಂಟೆಗೇ ಕದ ಹಾಕಿಕೊಳ್ಳಬೇಕು. ಒಂದೇ ಮನೆಯಲ್ಲಿ ನಾಲ್ಕು ಜನ, ನಾಲ್ಕು ಕೋಣೆ, ಉದ್ದನೆಯ ಸಂಜೆ.

ಆ ಡಿಸೆಂಬರಿನಲ್ಲಿ ಪುಟ್ಟ ಕೆಳಗಿಳಿದು ಬಂದು, 'ಅಟ್ಟದ ಮೇಲಿನ ಹಲಸಿನ ಹಲಗೆ ಎರಡು ಬೇಕು. ಎಲೆಕ್ಟ್ರಿಕ್ ಗಿಟಾರ್ ಮಾಡ್ತೀನಿ' ಎಂದ.

ಕಾಫಿ ಕುಯ್ಲಿನ ಕಾಲ. ನಮ್ಮ ಯಜಮಾನರಿಗೆ ಮೊದಲೇ ತಲೆ ಕೆಟ್ಟಿತ್ತು. 'ಆಳು ಸಿಗದೆ ಹಣ್ಣು ನೆಲಕ್ಕೆ ಉದುರ್ತಾ ಇದೆ, ಇವನಿಗೆ ಗಿಟಾರು' ಎಂದರು. ನಾನು ಸಮಾಧಾನದ ದಾರಿ ಹುಡುಕುತ್ತಾ, 'ಅಂಗಡೀಲಿ ಹತ್ತು ಹದಿನೈದು ಸಾವಿರಕ್ಕೆ ಸಿಗುತ್ತಲ್ಲೋ?' ಎಂದೆ. 'ಸಿಗುತ್ತೆ' ಎಂದ. ಮುಂದೆ ಮಾತಿಲ್ಲ. ನಾಲ್ಕು ತಿಂಗಳಲ್ಲಿ ಅವನು ಬೇಕು ಎಂದು ಕೇಳಿದ ಮೊದಲ ವಸ್ತು ಅದು. ಅಟ್ಟದ ಏಣಿಯನ್ನು ನಾನೇ ಹಿಡಿದುಕೊಂಡೆ.

ಮರುದಿನ ಬಾಗಿಲು ರಿಪೇರಿಗೆಂದು ಬಂದ ಆಚಾರ್ರು ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ಆಕಾರ ನೋಡಿ ಬಹಳ ಹೊತ್ತು ಯೋಚಿಸಿದರು. 'ಅಲ್ಲ ಮಗಾ, ತಂಬೂರಿಗೆ ಬುರುಡೆ ಅದೆ, ವೀಣೆಗೆ ಕೊಡ ಅದೆ, ಮದ್ದಲೆಗೆ ಹೊಟ್ಟೆ ಅದೆ. ಇದ್ರ ಹೊಟ್ಟೆ ಎಲ್ಲದೆ? ಬಾಗಿಲಿಗೆ ತಂತಿ ಕಟ್ದಂಗಾಯ್ತದೆ' ಎಂದರು.

ನನಗೂ ಅದೇ ಸಂಶಯ. ಪುಟ್ಟ ವಿವರಿಸಿದ್ದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಮಾಮೂಲಿ ಗಿಟಾರಿನಲ್ಲಿ ತಂತಿಯ ನಡುಕ ಟೊಳ್ಳು ಹೊಟ್ಟೆಗೆ ಇಳಿದು, ಅಲ್ಲಿಯ ಗಾಳಿಯನ್ನು ಅಲುಗಿಸಿ ದೊಡ್ಡದಾಗುತ್ತದೆ. ಇದರಲ್ಲಿ ಉಕ್ಕಿನ ತಂತಿಗಳ ಕೆಳಗೆ ಆರು ಸಣ್ಣ ಅಯಸ್ಕಾಂತಗಳಿರುತ್ತವೆ, ಅವುಗಳ ಸುತ್ತ ತಾಮ್ರದ ತಂತಿಯ ಸುರುಳಿ. ಮೇಲೆ ಉಕ್ಕಿನ ತಂತಿ ನಡುಗಿದರೆ ಕೆಳಗೆ ಸುರುಳಿಯಲ್ಲಿ ಇಷ್ಟೇ ಇಷ್ಟು ಕರೆಂಟು ಹುಟ್ಟುತ್ತದೆ. ಅದನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕಳಿಸುವುದು ಆಂಪ್ಲಿಫೈಯರಿನ ಕೆಲಸ. ಇದಕ್ಕೆ ಹೊಟ್ಟೆ ಬೇಡವೇ ಬೇಡ. ಇದ್ದರೆ ತೊಂದರೆಯೇ. ಮದುವೆ ಛತ್ರದಲ್ಲಿ ಮೈಕನ್ನು ಸ್ಪೀಕರಿನ ಹತ್ತಿರ ಹಿಡಿದರೆ ಕುಂಯ್ಯೋ ಎಂದು ಊಳಿಡುತ್ತದಲ್ಲ, ಟೊಳ್ಳು ಗಿಟಾರಿಗೆ ಕರೆಂಟು ಕೊಟ್ಟು ಜೋರು ಮಾಡಿದರೂ ಹಾಗೇ ಆಗುತ್ತದೆ. ಅದಕ್ಕೇ ಗಟ್ಟಿ ಹಲಗೆ.

ಆಚಾರ್ರ ಸಂಶಯ ಅಮೆರಿಕದವರಿಗೂ ಇತ್ತಂತೆ. 1940ರ ಸುಮಾರಿಗೆ ಲೆಸ್ ಪಾಲ್ ಎಂಬ ವಾದಕ ನಾಲ್ಕಂಗುಲ ಚೌಕದ ಪೈನ್ ಮರದ ತೊಲೆಗೇ ತಂತಿ ಬಿಗಿದು ನುಡಿಸಲು ಹೋದನಂತೆ. ಜನ ಒಪ್ಪಲಿಲ್ಲ. ಆಮೇಲೆ ಹಳೆಯ ಗಿಟಾರೊಂದನ್ನು ಸೀಳಿ ಅದರ ಹೊಟ್ಟೆಯ ಎರಡು ಹೋಳನ್ನು ತೊಲೆಯ ಎರಡೂ ಪಕ್ಕಕ್ಕೆ ಅಂಟಿಸಿಕೊಂಡು ಬಂದ. ಸದ್ದು ಅದೇ, ಈಗ ಜನಕ್ಕೆ ಮೆಚ್ಚಿಗೆಯಾಯಿತು! ಹತ್ತು ವರ್ಷದ ನಂತರ, 1950ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ರೇಡಿಯೋ ರಿಪೇರಿ ಮಾಡಿಕೊಂಡಿದ್ದ ಲಿಯೋ ಫೆಂಡರ್ ಎಂಬಾತ ಇಂಥ ಹಲಗೆ ಗಿಟಾರನ್ನು ಅಂಗಡಿಗೆ ತಂದ. ಆತನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ ಎಂಬುದು ನನಗೆ ಬಹಳ ಸಮಾಧಾನ ಕೊಟ್ಟ ಸಂಗತಿ.

ಆಚಾರ್ರು ನಂಬದಿದ್ದರೂ ಕೈ ಹಿಡಿದರು. ಎರಡು ಹಲಗೆಯ ಅಂಚನ್ನು ಬೆಳಕು ತೂರದ ಹಾಗೆ ಹೇಗೆ ಉಜ್ಜಬೇಕು, ಫೆವಿಕಾಲ್ ಹಚ್ಚಿ ಹಗ್ಗ ಸುತ್ತಿ ಬೆಣೆ ಹೊಡೆದು ಹೇಗೆ ಬಿಗಿಯಬೇಕು ಎಂದು ತೋರಿಸಿಕೊಟ್ಟರು. ಒಂದೂಮುಕ್ಕಾಲು ಅಂಗುಲ ದಪ್ಪದ ಹಲಗೆ ಗರಗಸಕ್ಕೆ ಸಿಕ್ಕಿ ಸೊಂಟ ಪಡೆಯಿತು. ಹಲಸಿನ ಒಡಲು ಒಳಗೆ ಅರಿಸಿನದಷ್ಟು ಹಳದಿ. ತಂಜಾವೂರಿನ ವೀಣೆಗಳಿಗೂ ಮೃದಂಗಗಳಿಗೂ ಇದೇ ಮರ ಎಂದು ನಾನು ಹೇಳಿದಾಗ ಪುಟ್ಟ ತಲೆಯೆತ್ತಿ ನೋಡಿದ. ಮದುವೆಗೆ ಮುಂಚೆ ಹಾಸನದಲ್ಲಿ ಆರು ವರ್ಷ ನಾನು ವೀಣೆ ಕಲಿತಿದ್ದೆ ಎಂಬುದು ಅವನಿಗೆ ಗೊತ್ತಿದ್ದ ಸಂಗತಿಯೇ. ನಮ್ಮ ಮನೆಯಲ್ಲಿ ಬಾಣಂತಿ ಕೋಣೆಯ ಮೂಲೆಯಲ್ಲಿ ಸೀರೆ ಸುತ್ತಿಕೊಂಡು ನಿಂತ ಆ ವೀಣೆಯ ಮೇಣ ಮಳೆಗಾಲದ ಬೂಷ್ಟಿಗೆ ಸಿಕ್ಕಿ ಎಷ್ಟೋ ವರ್ಷವಾಗಿತ್ತು.

ಕುತ್ತಿಗೆಗೆ ಗಟ್ಟಿ ಮರ ಬೇಕಿತ್ತು. ಆರು ತಂತಿ ಸೇರಿ ಎಳೆಯುವ ಬಲ ಸುಮಾರು 45 ಕಿಲೋ, ಹೆಚ್ಚುಕಡಿಮೆ ಒಂದು ಮೂಟೆ ಕಾಫಿಯ ತೂಕ. ತೋಟದ ತುಂಬ ಇರುವ ಸಿಲ್ವರ್ ಮರ ಸಾಲದು. ಬೀಟೆ ಆಗಬಹುದು, ಆದರೆ ಸ್ವಂತ ತೋಟದ್ದಾದರೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಬೀಟೆಗೆ ಕೊಡಲಿ ಹಾಕುವಂತಿಲ್ಲ. ಪ್ರಪಂಚದ ಗಿಟಾರು ತಯಾರಕರೆಲ್ಲ ಇಂಡಿಯನ್ ರೋಸ್‌ವುಡ್ ಎಂದು ಮುಗಿಬೀಳುವುದು ನಮ್ಮ ಈ ಬೀಟೆಗೇ. 2017ರಲ್ಲಿ ದೇಶದಿಂದ ದೇಶಕ್ಕೆ ಅದರ ಸಾಗಣೆಯನ್ನು ಬಿಗಿ ಮಾಡಿ, 2019ರಲ್ಲಿ ತಯಾರಾದ ವಾದ್ಯಗಳಿಗೆ ಮಾತ್ರ ವಿನಾಯಿತಿ ಕೊಟ್ಟರು. ನಮ್ಮ ಸಮಸ್ಯೆಯನ್ನು ಬಗೆಹರಿಸಿದವರು ಅತ್ತೆ. ಕಾಲು ಮುರಿದು ಕೊಟ್ಟಿಗೆ ಸೇರಿದ್ದ ತಮ್ಮ ಮಾವನವರ ಕಾಲದ ಬೀಟೆ ಮಂಚ ತೋರಿಸಿ, 'ಅದ್ರ ಅಡ್ಡಪಟ್ಟಿ ತಗೋ. ಮಂಚ ಮಲಗಿದ್ದು ಸಾಕು' ಎಂದರು.

ಹೀಗೆ ಮನೆಯ ಹಳೆ ಸಾಮಾನಿನಿಂದ ಗಿಟಾರು ಹುಟ್ಟುವುದು ಹೊಸದಲ್ಲವಂತೆ. 1963ರಲ್ಲಿ ಇಂಗ್ಲೆಂಡಿನ ಬ್ರಯಾನ್ ಮೇ ಎಂಬ ಹದಿನಾರರ ಹುಡುಗ ತನ್ನ ತಂದೆಯ ಜೊತೆ ಸೇರಿ ಒಂದು ಗಿಟಾರು ಮಾಡಲು ಕೂತ. ಅಂಗಡಿಯದನ್ನು ಕೊಳ್ಳಲು ದುಡ್ಡಿರಲಿಲ್ಲ. ಕುತ್ತಿಗೆಗೆ ಹಳೆಯ ಮನೆಯೊಂದರ ಬೆಂಕಿಗೂಡಿನ ಮೇಲಿನ ಮಹಾಗನಿ ಹಲಗೆ, ಸ್ವರದ ಗುರುತಿಗೆ ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನ ಚಿಪ್ಪಿನ ಗುಂಡಿಗಳು, ತಂತಿ ಜಗ್ಗುವ ಹಿಡಿಯ ತುದಿಗೆ ಹೆಣಿಗೆ ಕಡ್ಡಿ, ಒಳಗೆ ಹಳೆ ಮೋಟಾರ್ ಸೈಕಲ್ಲಿನ ಸ್ಪ್ರಿಂಗು. ಎರಡು ವರ್ಷ ಹಿಡಿಯಿತು. ಆತ ಮುಂದೆ 'ಕ್ವೀನ್' ತಂಡ ಕಟ್ಟಿದ. 2002ರಲ್ಲಿ ಇಂಗ್ಲೆಂಡಿನ ರಾಣಿಯ ಅರಮನೆಯ ಮಾಳಿಗೆಯ ಮೇಲೆ ನಿಂತು ನುಡಿಸಿದ್ದೂ ಅದೇ ಗಿಟಾರನ್ನು. ಇದನ್ನು ಕೇಳಿದ ಮೇಲೆ ನಾನೂ ನನ್ನ ಗುಂಡಿ ಡಬ್ಬಿ ತಂದು ಪುಟ್ಟನ ಮುಂದೆ ಸುರಿದೆ. ಅವನು ಮದುವೆಯ ರವಿಕೆಯ ಬಿಳಿ ಗುಂಡಿಗಳನ್ನು ಆರಿಸಿಕೊಂಡ.

ಮೆಟ್ಟುಗಳನ್ನು ಕೂರಿಸುವುದು ಶುದ್ಧ ಲೆಕ್ಕ. ವೀಣೆಯಲ್ಲಿ ಮೇಳ ಕಟ್ಟುವವರು ಮೇಣ ಮೆತ್ತಗಿರುವಾಗಲೇ ಕಿವಿ ಕೊಟ್ಟು ಕೇಳುತ್ತಾ ಇಪ್ಪತ್ತನಾಲ್ಕು ಮೆಟ್ಟುಗಳನ್ನು ಒಂದೊಂದಾಗಿ ಕೂರಿಸುತ್ತಾರೆ. ಗಿಟಾರಿನವರು ತಂತಿಯ ಉದ್ದವನ್ನು 17.817ರಿಂದ ಭಾಗಿಸುತ್ತಾರೆ. ಪುಟ್ಟನ ಗಿಟಾರಿನ ತಂತಿ 648 ಮಿಲಿಮೀಟರ್. ಭಾಗಿಸಿದರೆ ಮೊದಲ ಮೆಟ್ಟು 36.37ಕ್ಕೆ. ಉಳಿದ ಉದ್ದವನ್ನು ಮತ್ತೆ ಭಾಗಿಸಿದರೆ ಎರಡನೆಯದು. ಹೀಗೆ ಹೋಗಿ ಹನ್ನೆರಡನೆಯ ಮೆಟ್ಟು ಸರಿಯಾಗಿ ಅರ್ಧಕ್ಕೆ, 324ಕ್ಕೆ ಬಂದು ಕೂರುತ್ತದೆ. ಅದೇ ಮೇಲಿನ ಷಡ್ಜ. ಇಂಥ ಕ್ಯಾಲ್ಕುಲೇಟರು ಇಲ್ಲದ ಹದಿನಾರನೆಯ ಶತಮಾನದಲ್ಲಿ 18ರಿಂದ ಭಾಗಿಸಿ ಎಂದು ಸುಲಭದ ಸೂತ್ರ ಹೇಳಿಕೊಟ್ಟವನು ಗೆಲಿಲಿಯೋನ ತಂದೆಯಂತೆ. ಮಗ ಆಕಾಶ ನೋಡುವ ಮುಂಚೆ ಅಪ್ಪ ತಂತಿ ಅಳೆದಿದ್ದ ಎನ್ನಿ.

ಇಷ್ಟರವರೆಗೆ ನಾನು ಪ್ರೇಕ್ಷಕಳು. ಸುರುಳಿ ಸುತ್ತುವ ಕೆಲಸ ಬಂದಾಗ ನನ್ನನ್ನೇ ಕೂಲಿಗೆ ಹಿಡಿದರು. ತಾಮ್ರದ ತಂತಿಯೆಂದರೆ ಪಂಪಿನ ಮೋಟಾರು ಸುಟ್ಟಾಗ ಸುತ್ತಿಸುತ್ತೇವಲ್ಲ, ಅದು ಎಂದುಕೊಂಡಿದ್ದೆ. ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಓಡಿಸಿ ಓಡಿಸಿ ಮೋಟಾರು ಸುಡದ ತೋಟ ಯಾವುದಿದೆ? ಸಕಲೇಶಪುರದ ಮೋಟಾರು ವೈಂಡಿಂಗಿನವರು ಪುಟ್ಟ ತೋರಿಸಿದ ಚೂರನ್ನು ಬೆಳಕಿಗೆ ಹಿಡಿದು, 'ಇದು ತಂತಿಯಲ್ಲ ತಾಯೀ, ಜೇಡರ ಬಲೆ' ಎಂದು ನಕ್ಕರು. ಕೂದಲೆಳೆಯಷ್ಟು ಸಪೂರ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸ್ನೇಹಿತನೊಬ್ಬ ಬಸ್ಸಿನ ಪಾರ್ಸೆಲ್ಲಿನಲ್ಲಿ ಕಳಿಸಿದ. ಅಂಥದನ್ನು ಏಳೂವರೆ ಸಾವಿರ ಸುತ್ತು ಸುತ್ತಬೇಕು.

ನನ್ನ ತವರಿನಿಂದ ಬಂದ ಕಾಲು ತುಳಿಯುವ ಹೊಲಿಗೆ ಯಂತ್ರದಲ್ಲಿ ಬಾಬಿನ್‌ಗೆ ದಾರ ಸುತ್ತುವ ಪುಟ್ಟ ಚಕ್ರವಿದೆಯಲ್ಲ, ಅದಕ್ಕೆ ಮರದ ಬಿಲ್ಲೆ ಸಿಕ್ಕಿಸಿ, ಬಿಲ್ಲೆಗೆ ಸುರುಳಿಯ ಚೌಕಟ್ಟು ಅಂಟಿಸಿದ. ಹಳೆಯ ಕ್ಯಾಲ್ಕುಲೇಟರಿನ ಒಂದು ಗುಂಡಿಗೆ ಎರಡು ವೈರು ಬೆಸೆದು, ಚಕ್ರ ಒಂದು ಸುತ್ತು ಬಂದಾಗಲೆಲ್ಲ ಅದು ತಾನೇ ಒಂದು ಕೂಡಿಕೊಳ್ಳುವ ಹಾಗೆ ಮಾಡಿದ. ನಾನು ತುಳಿಯಬೇಕು, ಅವನು ಎರಡು ಬೆರಳ ನಡುವೆ ತಂತಿ ಹಾಯಿಸಬೇಕು. ಬಿಗಿಯಾದರೆ ಹರಿಯುತ್ತದೆ, ಸಡಿಲಾದರೆ ಸುರುಳಿ ಕೆಡುತ್ತದೆ. ತುಳಿತದಲ್ಲಿ ಏರಿಳಿತ ಬರಕೂಡದು. ಮೊದಲ ಸಂಜೆ ಎರಡು ಸಾವಿರ ದಾಟಿದ ಮೇಲೆ ಹರಿಯಿತು. ಎರಡನೆಯ ಸಂಜೆ ಮತ್ತೆ ಒಂದರಿಂದ.

ಮೂರನೆಯ ಸಂಜೆ ಆನೆ ಸುದ್ದಿ ಬಂದು ಕದ ಹಾಕಿದ್ದೆವು. ಲೆಕ್ಕ ನಾಲ್ಕು ಸಾವಿರದ ನೂರರ ಹತ್ತಿರ ಇತ್ತು. ಪುಟ್ಟ ತಂತಿಯ ಮೇಲಿಟ್ಟ ಕಣ್ಣು ತೆಗೆಯದೆ, 'ಅಮ್ಮ, ಆವತ್ತು ಹನ್ನೊಂದು ಜನಾನ ಒಟ್ಟಿಗೆ ಫೋನಿಗೆ ಕರೆದ್ರು. ಹತ್ತೇ ನಿಮಿಷ. ಯಾರ ಮುಖಾನೂ ಕಾಣ್ತಿರ್ಲಿಲ್ಲ' ಎಂದ. ನನ್ನ ಕಾಲು ತಡವರಿಸಿತು. 'ನಿಲ್ಲಿಸಬೇಡ, ತುಳಿ. ಹರಿಯುತ್ತೆ' ಎಂದ. ನಾನು ತುಳಿದೆ. ಸ್ವಲ್ಪ ಹೊತ್ತಿನ ಮೇಲೆ, 'ಎಲ್ಲ ಮುಗಿದ ಮೇಲೆ ನಾನು ಥ್ಯಾಂಕ್ ಯೂ ಅಂದೆನಮ್ಮ. ಅಭ್ಯಾಸಬಲ. ಅದನ್ನೇ ನೆನೆಸಿಕೊಂಡು ನಿದ್ದೆ ಬರಲ್ಲ' ಎಂದ.

ಬೇರೆ ಹೊತ್ತಿನಲ್ಲಾಗಿದ್ದರೆ ನಾನು ಎದ್ದು ಹೋಗಿ ಅವನ ತಲೆ ಸವರುತ್ತಿದ್ದೆ, ಅವನು ಮುಖ ತಿರುಗಿಸಿ ಮಾಳಿಗೆ ಹತ್ತುತ್ತಿದ್ದ. ಈಗ ನನ್ನ ಕಾಲೂ ಅವನ ಕೈಯೂ ಒಂದೇ ತಂತಿಗೆ ಕಟ್ಟುಬಿದ್ದಿದ್ದವು, ಇಬ್ಬರೂ ಏಳುವಂತಿರಲಿಲ್ಲ. 'ಬಾಕಿ ಸಂಬಳ ಕೊಟ್ರೇನೋ?' ಎಂದಷ್ಟೇ ಕೇಳಿದೆ. 'ಒಂದು ತಿಂಗಳದ್ದು ಕೊಟ್ರು' ಎಂದ. ಅಲ್ಲಿಂದ ಅದೂ ಇದೂ ಮಾತು ಬಂತು. ಬಾಡಿಗೆ ಕೋಣೆಯ ಗೆಳೆಯನ ಕಥೆ, ಅಪ್ಪನ ಮುಂದೆ ಬಾಯಿ ಬರದಿರುವ ಕಥೆ. ಏಳೂವರೆ ಸಾವಿರ ಆದಾಗ ರಾತ್ರಿ ಒಂಬತ್ತೂವರೆ. ಅನ್ನ ಆರಿ ಹೋಗಿತ್ತು. ಅತ್ತೆ ಗೊಣಗದೆ ತಾವೇ ಬಿಸಿ ಮಾಡಿದರು.

ಸುರುಳಿಯನ್ನು ಮೇಣದಲ್ಲಿ ಅದ್ದದಿದ್ದರೆ ಒಳಗಿನ ಸುತ್ತುಗಳು ನಡುಗಿ ಕೀರಲು ಸದ್ದು ಬರುತ್ತದಂತೆ. ಮೇಣದಬತ್ತಿಯ ಮೇಣಕ್ಕೆ ನಮ್ಮ ತುಡುವೆ ಜೇನಿನ ಮೇಣ ಸ್ವಲ್ಪ ಬೆರೆಸಿ, ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿದೆವು. ಬೆಂಕಿಗೆ ನೇರ ಇಟ್ಟರೆ ಮೇಣ ಹೊತ್ತಿಕೊಳ್ಳುತ್ತದೆ. ಇಡೀ ಅಡಿಗೆಮನೆ ಜೇನುಗೂಡಿನ ವಾಸನೆ. ಸ್ವಿಚ್ಚು ಕೂರಿಸುವ ಗುಳಿಯ ಒಳಗೆಲ್ಲ ಅಂಟಿಸಲು ರೊಟ್ಟಿ ಸುತ್ತುವ ಫಾಯಿಲ್ ಹೋಯಿತು. ಆದರೂ ಗುಂಯ್ ಎನ್ನುವ ಸದ್ದು ನಿಲ್ಲಲಿಲ್ಲ. ತಂತಿ ಮುಟ್ಟಿದರೆ ಕಡಿಮೆ, ಬಿಟ್ಟರೆ ಜಾಸ್ತಿ. ತಪ್ಪು ಗಿಟಾರಿನದಲ್ಲ, ಮನೆಯ ಅರ್ತಿಂಗಿನದು! ಎಲೆಕ್ಟ್ರಿಷಿಯನ್ ಬಂದು ಹೊಸ ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ, ಬೇಸಿಗೆಯಲ್ಲಿ ಆಗಾಗ ನೀರು ಹಾಕಬೇಕು ಎಂದು ಹೇಳಿಹೋದ. ಇಷ್ಟು ವರ್ಷ ಒದ್ದೆ ಕೈಯಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತಿದ್ದ ನನ್ನ ಗ್ರೈಂಡರು ಅಂದಿನಿಂದ ಸಾಧುವಾಯಿತು. ಯಜಮಾನರು ಗಿಟಾರಿನ ಬಗ್ಗೆ ಆಡಿದ ಮೊದಲ ಒಳ್ಳೆಯ ಮಾತು ಗ್ರೈಂಡರಿನ ಬಗ್ಗೆಯೇ.

ಬಣ್ಣ ಬಳಿಯುವ ಮೊದಲು ಒಮ್ಮೆ ಜೋಡಿಸಿ ನೋಡಬೇಕಂತೆ. ಜೂನಿನ ಒಂದು ಮಧ್ಯಾಹ್ನ ಪುಟ್ಟ ಮೊಬೈಲು ನೋಡಿಕೊಂಡು ಶ್ರುತಿ ಮಾಡಿದ. ಬಿಟ್ಟ ತಂತಿಗಳು ಸರಿಯಾಗಿಯೇ ಇದ್ದವು. ಅವನು ಮೇಲೆ ಮೇಲೆ ಹೋದಂತೆ ಅಡಿಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ನನ್ನ ಮೈ ಪರಚಿದಂತಾಯಿತು. 'ಮೇಲಿನ ಷಡ್ಜ ಏರಿದೆಯಲ್ಲೋ' ಎಂದು ಕೂಗಿದೆ. ಅವನು ಲೆಕ್ಕ ಸರಿಯಿದೆ ಎಂದ. ಮೊಬೈಲಿಟ್ಟು ಅಳೆದರೆ ಏರಿದ್ದು ನಿಜ. ಮೆಟ್ಟಿಗೆ ಒತ್ತುವಾಗ ತಂತಿ ಕೂದಲಷ್ಟು ಹೆಚ್ಚು ಬಿಗಿಯುತ್ತದೆ, ಸ್ವರ ಏರುತ್ತದೆ. ಅದಕ್ಕೆ ತಂತಿಯ ಕೆಳಗಿನ ಕುದುರೆಯನ್ನು ಒಂದೆರಡು ಮಿಲಿಮೀಟರ್ ಹಿಂದೆ ಸರಿಸಿ ಉದ್ದ ಕೊಡಬೇಕು, ದಪ್ಪ ತಂತಿಗೆ ಇನ್ನೂ ಹೆಚ್ಚು. ಕೈಯಲ್ಲಿ ತುರಿ ಮೆತ್ತಿಕೊಂಡೇ ನಾನು ಹೋಗಿ ಕೂತೆ. ಆರು ತಂತಿಗೂ ಅವನು ಸ್ಕ್ರೂ ತಿರುಗಿಸಿದ, ನಾನು 'ಇನ್ನೂ', 'ಸಾಕು' ಎಂದೆ. ವೀಣೆ ಮುಟ್ಟಿ ಇಪ್ಪತ್ತೇಳು ವರ್ಷ. ಬೆರಳು ಮರೆತಿತ್ತು, ಕಿವಿ ಮರೆತಿರಲಿಲ್ಲ.

ಉಳಿದದ್ದು ಅರಗಿನ ಪಾಲಿಶ್. ಮಳೆಗಾಲದ ತೇವದಲ್ಲಿ ಅರಗು ಹಚ್ಚಿದರೆ ಬೂದಿ ಮೆತ್ತಿದಂತೆ ಬಿಳಿಚಿಕೊಳ್ಳುತ್ತದೆ. 2021ರಲ್ಲಿ ನವೆಂಬರಿನಲ್ಲೂ ಮಳೆ ಬಿಡಲಿಲ್ಲ, ಕಣದ ಕಾಫಿಯೂ ಒಣಗಲಿಲ್ಲ, ಗಿಟಾರೂ ಹೊಳೆಯಲಿಲ್ಲ. ಜನವರಿಯ ಬಿಸಿಲು ಬಂದ ಮೇಲೆ ಆಚಾರ್ರೇ ಬಟ್ಟೆಯುಂಡೆ ಹಿಡಿದು ಕೂತು ಪದರ ಪದರವಾಗಿ ಹಚ್ಚಿದರು. ಅಂದೇ ಸಂಜೆ ಸ್ಪೀಕರ್ ಪೆಟ್ಟಿಗೆಗೆ ವೈರು ಸಿಕ್ಕಿಸಿ ಪುಟ್ಟ ನುಡಿಸಿದ. ಹಿತ್ತಲಿನ ನಾಯಿ ಎದ್ದು ಓಡಿತು. ಆಚಾರ್ರು ಹಲಗೆಯನ್ನೂ ಪೆಟ್ಟಿಗೆಯನ್ನೂ ಬದಲಿಸಿ ಬದಲಿಸಿ ನೋಡಿ, 'ಓಹೋ, ಹೊಟ್ಟೆ ಹೊರಗಿಟ್ಟವ್ರೆ!' ಎಂದರು. ಅವರ ಒಂದು ವರ್ಷದ ಸಂಶಯ ಪರಿಹಾರವಾಯಿತು. ಯಜಮಾನರು ಗಿಟಾರನ್ನು ಎತ್ತಿ ತೂಗಿ, 'ನಾಲ್ಕೂವರೆ ಕಿಲೋ ಇರಬಹುದು' ಎಂದು ಕೆಳಗಿಟ್ಟರು. ಸ್ವಲ್ಪ ಹೊತ್ತು ಬಿಟ್ಟು, 'ಜಾಯಿಂಟು ಕಾಣೋದೇ ಇಲ್ಲ' ಎಂದರು. ಮಗ ನೆಲ ನೋಡುತ್ತಾ ನಕ್ಕ.

ಇದರಿಂದ ಏನು ಉಪಯೋಗವಾಯಿತು ಎಂದು ಕೇಳುವವರು ಈಗಲೂ ಇದ್ದಾರೆ. ಖರ್ಚು ಲೆಕ್ಕ ಹಾಕಿದರೆ ಅಂಗಡಿಯ ಗಿಟಾರೇ ಅಗ್ಗ. ಪುಟ್ಟ ಸಂಗೀತಗಾರನಾಗಲಿಲ್ಲ. ಆ ಬೇಸಿಗೆಯಲ್ಲಿ ಬೇರೊಂದು ಕೆಲಸಕ್ಕೆ ಅರ್ಜಿ ಹಾಕಿ ಬೆಂಗಳೂರಿಗೆ ಹೋದ. ಕೆಲಸ ಹೋದದ್ದನ್ನು ಸಂದರ್ಶನದಲ್ಲಿ ತಾನಾಗಿಯೇ ಹೇಳಿದನಂತೆ. ಗಿಟಾರು ಇಲ್ಲೇ ಇದೆ, ವೀಣೆಯ ಪಕ್ಕದಲ್ಲಿ. ವೀಣೆಗೂ ಹೊಸ ಮೇಳ ಕಟ್ಟಿಸಿದ್ದೇವೆ. ಬೆರಳಿಗೆ ಗಂಟು ಕಟ್ಟುವಷ್ಟಲ್ಲದಿದ್ದರೂ ವಾರಕ್ಕೆರಡು ದಿನ ಕೂರುತ್ತೇನೆ.

ಮಳೆಗಾಲದಲ್ಲಿ ಅವನು ಬಂದಾಗ ಕರೆಂಟು ಇರುವುದು ಅಪರೂಪ. ಕಂಬ ಬಿದ್ದರೆ ಮೂರು ದಿನ, ನಾಲ್ಕು ದಿನ. ಎಲೆಕ್ಟ್ರಿಕ್ ಗಿಟಾರಿಗೆ ಕರೆಂಟಿಲ್ಲದಿದ್ದರೆ ಇನ್ನೇನಿದೆ ಎಂದು ನೀವು ಕೇಳಬಹುದು. ಇದೆ. ಬಹಳ ಸಣ್ಣ ಸದ್ದು, ಹೆಂಚಿನ ಮೇಲಿನ ಮಳೆಯಲ್ಲಿ ಮುಳುಗಿ ಹೋಗುವಷ್ಟು. ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತವರಿಗೆ ಮಾತ್ರ ಕೇಳುತ್ತದೆ. ಹೋದ ಸಲ ಕಿವಿ ಮಂದವಾದ ಅತ್ತೆ ಹಲಸಿನ ಹಲಗೆಗೆ ಕೆನ್ನೆ ಆನಿಸಿ ಕೂತು, 'ಹೂಂ, ಕೇಳ್ತದೆ, ನುಡ್ಸು' ಎಂದರು.